ಪ್ರೆಸ್ಟ್‌ವಿಕ್ ಬೆಲ್ಟ್ ಕಾಲದ ಗಾಲ್ಫ್ ಸೆಟ್: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಚೆಂಡು ಹೊಡೆಯುವ ಉದ್ದ ಮೂತಿಯ ಮರದ ಕ್ಲಬ್‌ಗಳು, ಒಂದೆರಡು ಕಬ್ಬಿಣದ ಕ್ಲಬ್‌ಗಳು, ಗಟ್ಟಾ-ಪರ್ಚಾ (ಮರದ ಹಾಲಿನಿಂದ ಬರುವ ರಬ್ಬರಿನಂಥ ವಸ್ತು) ಚೆಂಡಿನ ನಕಲುಗಳು, ಚೆಂಡು ಇಟ್ಟು ಹೊಡೆಯುವ ಪುಟ್ಟ ದಿಬ್ಬ, ಅಂದರೆ ಟೀ, ಮಾಡಿಕೊಳ್ಳಲು ಒಂದು ಮರಳಿನ ಡಬ್ಬಿ. ಇಷ್ಟನ್ನು ಜೊತೆ ಮಾಡಿ ‘1860ರ ಸೆಟ್’ ಎಂದೋ ‘ಬೆಲ್ಟ್ ಕಾಲದ ಸೆಟ್’ ಎಂದೋ ಹೆಸರಿಟ್ಟು ಕೈಕೆಲಸದ ತಯಾರಕರು ಮಾರುತ್ತಾರೆ. ಬೆಲ್ಟ್ ಎಂದರೆ ಸ್ಕಾಟ್‌ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಶುರುವಾದ, ಇಂದು ಓಪನ್ ಎನ್ನುವ ಗಾಲ್ಫ್ ಟೂರ್ನಿಯ ಮೊದಲ ಬಹುಮಾನವಾಗಿದ್ದ ಸೊಂಟಪಟ್ಟಿ. ಗೋಡೆಗೆ ತೂಗುಹಾಕುವುದಕ್ಕಾದರೆ ಯಾವುದನ್ನು ಕೊಂಡರೂ ನಡೆದೀತು. ಆಡುವುದಕ್ಕಾದರೆ ಹಾಗಲ್ಲ. ಸೆಟ್ಟಿನಲ್ಲಿ ಎಲ್ಲಕ್ಕಿಂತ ದುಬಾರಿಯಾದ ಕ್ಲಬ್ಬೇ ಎಲ್ಲಕ್ಕಿಂತ ಬೇಗ ಮುರಿಯುತ್ತದೆ. ಸ್ಕೋರ್ ಉಳಿಸುವುದು ಯಾರ ಕಣ್ಣಿಗೂ ಬೀಳದ ಎರಡು ವಸ್ತುಗಳು, ಚೆಂಡು ಮತ್ತು ರಟ್ ಐರನ್ ಎಂಬ ಚಿಕ್ಕ ತಲೆಯ ಕಬ್ಬಿಣದ ಕ್ಲಬ್. ಇಲ್ಲಿ ಒಬ್ಬ ತಯಾರಕರನ್ನು ಹಿಡಿದು ವಿಮರ್ಶೆ ಮಾಡಿಲ್ಲ. ಈ ಬಗೆಯ ಸೆಟ್ಟಿನ ಒಂದೊಂದು ಭಾಗವನ್ನೂ ಅದು ಯಾವ ಟೂರ್ನಿಯ ಹೆಸರು ಹೇಳಿಕೊಂಡು ಮಾರಾಟವಾಗುತ್ತದೋ ಅದೇ ಟೂರ್ನಿಯ ಷರತ್ತಿನಲ್ಲಿ ತೂಗಿದ್ದೇವೆ: 12 ಹೋಲ್‌ಗಳ ಅಂಕಣವನ್ನು ಒಂದೇ ದಿನ ಮೂರು ಸಲ ಸುತ್ತಬೇಕು, 36ನೆಯ ಹೋಲ್ ಮುಗಿದಾಗ ಕ್ಲಬ್‌ಗಳು ಇಡಿಯಾಗಿ ಕೈಯಲ್ಲಿರಬೇಕು.

ಹನ್ನೊಂದೇ ಸಲ ನಡೆದ ಟೂರ್ನಿ

ಸೇಂಟ್ ಆಂಡ್ರೂಸ್‌ನ ಅಲನ್ ರಾಬರ್ಟ್‌ಸನ್ 1859ರಲ್ಲಿ ತೀರಿಕೊಂಡ ಮೇಲೆ ಸ್ಕಾಟ್‌ಲೆಂಡಿನ ಅತ್ಯುತ್ತಮ ಆಟಗಾರನ ಪಟ್ಟ ಖಾಲಿ ಉಳಿಯಿತು. ಅದಕ್ಕೆ ಯಾರು ತಕ್ಕವರೆಂದು ತೀರ್ಮಾನಿಸಲು ಪ್ರೆಸ್ಟ್‌ವಿಕ್ ಗಾಲ್ಫ್ ಕ್ಲಬ್ ಮುಂದೆ ಬಂತು. ಓಡಾಡಿ ಕೆಲಸ ಮಾಡಿದವರಲ್ಲಿ ಮುಖ್ಯರು ಕರ್ನಲ್ ಜೇಮ್ಸ್ ಆಗಿಲ್ವಿ ಫೇರ್ಲಿ ಮತ್ತು ಎಗ್ಲಿಂಟನ್‌ನ ಅರ್ಲ್. ಬಹುಮಾನ ಹಣವಲ್ಲ, ಬೆಳ್ಳಿಯ ಫಲಕಗಳನ್ನು ಕೂರಿಸಿದ ಕೆಂಪು ಮೊರಾಕೋ ಚರ್ಮದ ಸೊಂಟಪಟ್ಟಿ. ಮಾಡಿಸಿದ ಖರ್ಚು 25 ಪೌಂಡ್. ಸತತ ಮೂರು ವರ್ಷ ಗೆದ್ದವರಿಗೆ ಅದು ಸ್ವಂತ ಎಂಬ ನಿಯಮವನ್ನು ಮೊದಲೇ ಬರೆದಿಟ್ಟರು.

1860ರ ಅಕ್ಟೋಬರ್ 17ರಂದು ಆಡಲು ಇಳಿದವರು ಎಂಟೇ ಜನ, ಎಂಟೂ ಜನ ವೃತ್ತಿಪರರು. ಮಸಲ್‌ಬರಾದ ವಿಲ್ಲಿ ಪಾರ್ಕ್ 55, 59, 60 ಹೊಡೆತಗಳ ಮೂರು ಸುತ್ತು ಸೇರಿ 174ಕ್ಕೆ ಮುಗಿಸಿದರು. ಆ ಅಂಕಣವನ್ನು ತಾನೇ ರೂಪಿಸಿ ನೋಡಿಕೊಳ್ಳುತ್ತಿದ್ದ ಟಾಮ್ ಮಾರಿಸ್ 176. ಕೊನೆಯ ಸ್ಥಾನದ ಮೊತ್ತ 232, ಅಂದರೆ ಹೋಲಿಗೆ ಸರಾಸರಿ ಆರೂವರೆಯ ಹತ್ತಿರ. ಈ ಸೆಟ್ಟಿನಲ್ಲಿ ಮೊದಲ ಸಲ ಆಡಿ ಸ್ಕೋರ್ ನೋಡಿ ಕುಗ್ಗುವವರು ಗೆದ್ದವರ ಅಂಕಿಯನ್ನು ಬಿಟ್ಟು ಈ 232ನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ. ಅವರೂ ಹೊಟ್ಟೆಪಾಡಿಗೆ ಗಾಲ್ಫ್ ನಂಬಿದವರೇ.

ಮರುವರ್ಷ ಟೂರ್ನಿಯನ್ನು ಹವ್ಯಾಸಿಗಳಿಗೂ ತೆರೆದರು. ಹಣದ ಬಹುಮಾನ ಬಂದದ್ದು 1863ರಲ್ಲಿ: ಎರಡನೆಯವರಿಂದ ನಾಲ್ಕನೆಯವರವರೆಗೆ ಒಟ್ಟು 10 ಪೌಂಡ್. ಗೆದ್ದವರಿಗೆ ಬೆಲ್ಟ್ ಬಿಟ್ಟು ಬೇರೇನೂ ಇಲ್ಲ. ಅವರ ಕೈಗೆ 6 ಪೌಂಡ್ ಬಂದದ್ದು 1864ರಲ್ಲಿ. ಹನ್ನೊಂದು ವರ್ಷದಲ್ಲಿ ಬೆಲ್ಟ್ ಕಟ್ಟಿಕೊಂಡವರು ನಾಲ್ಕೇ ಜನ. ಟಾಮ್ ಮಾರಿಸ್ ನಾಲ್ಕು ಸಲ, ವಿಲ್ಲಿ ಪಾರ್ಕ್ ಮೂರು ಸಲ, ಆಂಡ್ರೂ ಸ್ಟ್ರಾತ್ 1865ರಲ್ಲಿ ಒಂದು ಸಲ, ಮತ್ತೆ ಮಾರಿಸರ ಮಗ ಟಾಮ್. 1868ರಲ್ಲಿ ಮೊದಲ ಸಲ ಗೆದ್ದಾಗ ಮಗನಿಗೆ 17 ವರ್ಷ. 1870ರಲ್ಲಿ 47, 51, 51 ಆಡಿ 149ಕ್ಕೆ ಮುಗಿಸಿ ಸತತ ಮೂರನೆಯ ಗೆಲುವಿನೊಂದಿಗೆ ಬೆಲ್ಟನ್ನು ಮನೆಗೇ ಒಯ್ದುಬಿಟ್ಟ. ಪಣಕ್ಕೆ ಇಡಲು ವಸ್ತುವೇ ಇಲ್ಲದಂತಾಗಿ 1871ರಲ್ಲಿ ಟೂರ್ನಿ ನಡೆಯಲಿಲ್ಲ. 1872ರಲ್ಲಿ ಪ್ರೆಸ್ಟ್‌ವಿಕ್, ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಮತ್ತು ಎಡಿನ್‌ಬರಾ ಗಾಲ್ಫರ್‌ಗಳ ಆನರಬಲ್ ಕಂಪನಿ ಕೂಡಿ ತಲಾ 10 ಪೌಂಡ್ ಹಾಕಿ ಹೊಸ ಬಹುಮಾನಕ್ಕೆ ಏರ್ಪಾಡು ಮಾಡಿದವು. ಇಂದು ಓಪನ್ ಎಂದರೆ ನೆನಪಾಗುವ ಕ್ಲಾರೆಟ್ ಜಗ್ ಹುಟ್ಟಿದ್ದು ಹಾಗೆ. ಒಂದೇ ಕ್ಲಬ್ ನಡೆಸಿದ, 12 ಹೋಲ್‌ಗಳ, ಬೆಲ್ಟಿನ ಟೂರ್ನಿ ಅಲ್ಲಿಗೆ ಮುಗಿಯಿತು.

ಕೊಳ್ಳುವವರಿಗೆ ಈ ಲೆಕ್ಕದಲ್ಲಿ ಮುಖ್ಯವಾದದ್ದು ಒಂದಿದೆ. 174ರಿಂದ 149ಕ್ಕೆ ಇಳಿದ ಆ ಹತ್ತು ವರ್ಷಗಳಲ್ಲಿ ಸಲಕರಣೆ ಹೆಚ್ಚೇನೂ ಬದಲಾಗಲಿಲ್ಲ. ಚೆಂಡು ಅದೇ ಗಟ್ಟಾ-ಪರ್ಚಾ, ಮರದ ತಲೆ ಅದೇ ಆಕಾರ, ಶಾಫ್ಟ್ (ಕ್ಲಬ್ಬಿನ ಕೋಲು) ಅದೇ ಹಿಕರಿ ಮರ. ಬದಲಾದದ್ದು ಯಾವ ಕ್ಲಬ್ಬನ್ನು ಯಾವಾಗ ಹೊರತೆಗೆಯಬೇಕು ಎಂಬ ತಿಳಿವಳಿಕೆ. ಗಾಡಿಚಕ್ರದ ಗುಂಡಿಯಿಂದ ಚೆಂಡು ಎತ್ತಲೆಂದೇ ಇದ್ದ ರಟ್ ಐರನ್ನನ್ನು ಮಗ ಟಾಮ್ ಗ್ರೀನ್ (ಕುಳಿಯ ಸುತ್ತಲಿನ ಗಿಡ್ಡ ಹುಲ್ಲಿನ ಜಾಗ) ಕಡೆಗಿನ ಹೊಡೆತಕ್ಕೂ ಬಳಸಿದ. ಆದ್ದರಿಂದ ‘ಚಾಂಪಿಯನ್ನರ ಡ್ರೈವರ್’ (ಟೀಯಿಂದ ದೂರ ಹೊಡೆಯುವ ಕ್ಲಬ್) ಎಂಬ ಜಾಹೀರಾತಿನ ಮಾತಿಗೆ ಮರುಳಾಗಬೇಕಾಗಿಲ್ಲ.

ಚೆಂಡು ಮೊದಲು

ಮಾರುಕಟ್ಟೆಯಲ್ಲಿ ಎರಡು ಬಗೆಯ ಚೆಂಡುಗಳಿವೆ. ನಿಜವಾದ ಗಟ್ಟಾ-ಪರ್ಚಾದಿಂದ ಮಾಡಿದ್ದು ಒಂದು. ಇಂದಿನ ಪ್ಲಾಸ್ಟಿಕ್ ಜಾತಿಯ ವಸ್ತುವನ್ನು ಹಳೆಯ ಅಚ್ಚಿನಲ್ಲಿ ಸುರಿದು, ಗಟ್ಟಾದಷ್ಟೇ ಜಡವಾಗಿ ಪುಟಿಯುವಂತೆ ಮಾಡಿದ್ದು ಇನ್ನೊಂದು. 36 ಹೋಲ್ ಆಡುವ ದಿನಕ್ಕೆ ಎರಡನೆಯದನ್ನೇ ಕೊಳ್ಳಿ. ಅದು ಒಡೆಯುವುದಿಲ್ಲ, ಚಳಿ ಬಿಸಿಲಿಗೆ ಗುಣ ಬದಲಿಸುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಮರದ ತಲೆಗೆ ಬೀಳುವ ಪೆಟ್ಟು ಕಡಿಮೆ.

ನಿಜವಾದ ಗಟ್ಟಾ ಕಲಿಯುವವರಿಗಲ್ಲ, ಹುಚ್ಚು ಹಿಡಿದವರಿಗೆ. ಚಳಿಯಲ್ಲಿ ಅದು ಬಿರುಸಾಗಿ ಕ್ಲಬ್ಬಿನ ಅಂಚು ತಾಗಿದರೆ ಸೀಳುತ್ತದೆ. ಬಿಸಿಲಲ್ಲಿ ಬಿಟ್ಟರೆ ಮೆತ್ತಗಾಗಿ ಗುಂಡಗಿನ ಆಕಾರ ಕಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಗಾಳಿಗೆ ತೆರೆದಿಟ್ಟರೆ ಒಳಗೊಳಗೇ ಪುಡಿಯಾಗುತ್ತದೆ. ಒಂದು ಅನುಕೂಲವಿದೆ: ಒಡೆದದ್ದನ್ನು ಎಸೆಯಬೇಕಾಗಿಲ್ಲ. ಬಣ್ಣ ಕೆರೆದು ಚೂರುಗಳನ್ನು ಬಿಸಿನೀರಿಗೆ ಹಾಕಿ; ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಟ್ಟಾ ಮೆತ್ತಗಾಗತೊಡಗುತ್ತದೆ, ಕುದಿಸಬೇಕಾಗಿಲ್ಲ. ತೆಗೆದು ಚೆನ್ನಾಗಿ ನಾದಿ. ಈ ನಾದುವ ಕೆಲಸದಲ್ಲೇ ಹೆಚ್ಚಿನವರು ಅವಸರ ಮಾಡುವುದು. ಒಳಗೆ ನೀರಿನ ಹನಿ, ಗಾಳಿಯ ಗುಳ್ಳೆ ಉಳಿದರೆ ಚೆಂಡಿನ ಒಂದು ಪಕ್ಕ ಹಗುರಾಗಿ, ಗ್ರೀನಿನ ಮೇಲೆ ಅದು ಕುಡಿದವನಂತೆ ಓಲಾಡಿಕೊಂಡು ಹೋಗುತ್ತದೆ. ನಾದಿದ್ದನ್ನು ಉಂಡೆ ಮಾಡಿ ಅಚ್ಚಿನಲ್ಲಿ ಒತ್ತಿ, ತಣ್ಣೀರಿನಲ್ಲಿ ಗಟ್ಟಿಯಾಗಲು ಬಿಡಿ. ಆಮೇಲೆ ಚೂಪು ಬಾಯಿಯ ಸುತ್ತಿಗೆಯಿಂದ ಮೈಮೇಲೆಲ್ಲ ಗೀರು ಹಾಕಿ, ಕೆಲವು ತಿಂಗಳು ಪಕ್ವವಾಗಲು ಇಟ್ಟು, ತೆಳುವಾಗಿ ಎರಡು ಮೂರು ಸಲ ಬಿಳಿ ಬಣ್ಣ ಬಳಿಯಿರಿ. ದಪ್ಪಗೆ ಬಳಿದರೆ ಗೀರು ಮುಚ್ಚಿಹೋಗುತ್ತದೆ.

ಗೀರು ಅಲಂಕಾರಕ್ಕಲ್ಲ. ಗಟ್ಟಾ ಚೆಂಡು ಹೊಸದಾಗಿ ಬಂದಾಗ ಅದರ ಮೈ ನುಣುಪಾಗಿತ್ತು, ಹಾರಿದ ಸ್ವಲ್ಪ ಹೊತ್ತಿಗೇ ಮೂಗು ತಗ್ಗಿಸಿ ಬೀಳುತ್ತಿತ್ತು. ಆಡಿ ಆಡಿ ಗಾಯವಾದ ಚೆಂಡೇ ಹೊಸದಕ್ಕಿಂತ ದೂರ ಹೋಗುವುದನ್ನು ಕಂಡ ಮೇಲೆ ಬೇಕೆಂದೇ ಗೀರು ಹಾಕತೊಡಗಿದರು. ಮೈ ಒರಟಾಗಿದ್ದರೆ ಗಾಳಿ ಚೆಂಡಿಗೆ ಅಂಟಿಕೊಂಡು ಹರಿಯುತ್ತದೆ, ಹಿಂದೆಳೆತ ತಗ್ಗುತ್ತದೆ. ಆದ್ದರಿಂದ ನುಣುಪು ನಕಲುಗಳನ್ನು ಕೊಳ್ಳಬೇಡಿ. ಇನ್ನೊಂದು ಕಡೆ, ಮೈತುಂಬ ಉಬ್ಬು ಗುಳ್ಳೆಗಳಿರುವ ಚೆಂಡನ್ನು ‘1860ರದ್ದು’ ಎಂದು ಕೊಟ್ಟರೆ ಆ ಅಂಗಡಿಯ ಉಳಿದ ಮಾತನ್ನೂ ಅನುಮಾನಿಸಿ. ಆ ಗುಳ್ಳೆ ವಿನ್ಯಾಸ ಗಟ್ಟಾ ಕಾಲದ ಕೊನೆಗೆ ಬಂದು, ರಬ್ಬರ್ ಸುತ್ತಿದ ಹ್ಯಾಸ್ಕೆಲ್ ಚೆಂಡಿನ ಮೊದಲ ವರ್ಷಗಳಲ್ಲಿ ಹರಡಿದ್ದು. ಬೆಲ್ಟ್ ಕಾಲಕ್ಕೆ ಒಪ್ಪುವುದು ಕೈಸುತ್ತಿಗೆಯ ಗೀರು ಮಾತ್ರ.

ತೂಕವನ್ನೂ ಕೇಳಿ. ಹಳೆಯ ಗಟ್ಟಾಗಳ ಮೇಲೆ 27, 27½, 28 ಎಂಬ ಅಂಕಿಗಳಿರುತ್ತಿದ್ದವು. ಅವು ಪೆನ್ನಿವೆಯ್ಟ್ ಲೆಕ್ಕ. 27½ ಎಂದರೆ ಸುಮಾರು 42.8 ಗ್ರಾಂ. ಇಂದಿನ ಚೆಂಡಿನ ಗರಿಷ್ಠ ತೂಕ 45.93 ಗ್ರಾಂ. ನಕಲು 42ರಿಂದ 44 ಗ್ರಾಂ ಒಳಗಿದ್ದರೆ ಸರಿ. ಸಮತೋಲ ನೋಡಲು ಒಂದು ಪಾತ್ರೆಯಲ್ಲಿ ಉಪ್ಪು ಕರಗದಷ್ಟು ಉಪ್ಪುನೀರು ಮಾಡಿ, ಚೆಂಡು ತೇಲಿಸಿ, ತಿರುಗಿಸಿ ಬಿಡಿ. ಪ್ರತಿ ಸಲವೂ ಅದೇ ಪಕ್ಕ ಮೇಲೆ ಬಂದರೆ ಆ ಚೆಂಡು ಅಭ್ಯಾಸಕ್ಕೆ ಮಾತ್ರ. ಒಬ್ಬರಿಗೆ ಒಂದು ದಿನಕ್ಕೆ ಪ್ಲಾಸ್ಟಿಕ್ ನಕಲು ಆರು ಸಾಕು. ನಿಜವಾದ ಗಟ್ಟಾ ಆದರೆ ಅದರ ಎರಡರಷ್ಟು ಇಟ್ಟುಕೊಳ್ಳಿ.

ಇಂದಿನ ಗಟ್ಟಿ ಚೆಂಡನ್ನು ಉದ್ದ ಮೂತಿಯ ಕ್ಲಬ್ಬಿನಿಂದ ಒಂದೇ ಒಂದು ಸಲವೂ ಹೊಡೆಯಬೇಡಿ. ‘ಒಂದೆರಡಕ್ಕೆ ಏನಾಗುತ್ತದೆ’ ಎಂದುಕೊಂಡು ಹೊಡೆದ ಕ್ಲಬ್‌ಗಳೇ ರಿಪೇರಿಗೆ ಬರುವುದು. ರಬ್ಬರ್ ಚಾಪೆ ಹಾಸಿದ ಅಭ್ಯಾಸದ ಜಾಗವೂ ಬೇಡ. ನೆಲ ಬಿಟ್ಟುಕೊಡದಿದ್ದರೆ ಪೆಟ್ಟೆಲ್ಲ ಕ್ಲಬ್ಬಿನ ಕುತ್ತಿಗೆಗೆ ಹೋಗುತ್ತದೆ.

ರಟ್ ಐರನ್

ಸೆಟ್ಟಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡುವುದು ಇದು. ತಲೆ ಚೆಂಡಿಗಿಂತ ಸ್ವಲ್ಪವೇ ದೊಡ್ಡದು, ಮುಖ ಒಳಕ್ಕೆ ತುಸು ತಗ್ಗು, ತೂಕ ಮಾತ್ರ ಚೆನ್ನಾಗಿಯೇ ಇದೆ. ಗುಂಡಿಯಲ್ಲಿ, ಒರಟು ಹುಲ್ಲಿನಲ್ಲಿ, ಮರಳಿನಲ್ಲಿ ಬೇರೆ ಯಾವ ಕ್ಲಬ್ಬೂ ಇದರ ಸಮಕ್ಕೆ ಬಾರದು. ಗ್ರೀನಿನ ಮುಂದೆ ಮರಳುಗುಂಡಿ ಅಡ್ಡ ಇದ್ದು ಚೆಂಡನ್ನು ಮೇಲೆತ್ತಿ ಹಾಕಲೇಬೇಕಾದಾಗ ಆಗುವುದೂ ಇದೇ.

ತೊಂದರೆ ಎಂದರೆ ಹೋಸೆಲ್. ತಲೆ ಚಿಕ್ಕದಾದ್ದರಿಂದ ಶಾಫ್ಟ್ ಕೂರುವ ದಪ್ಪ ಕೊಳವೆ ಮುಖಕ್ಕೆ ತೀರಾ ಹತ್ತಿರ. ಅರ್ಧ ಇಂಚು ಒಳಗೆ ತಾಗಿದರೂ ಚೆಂಡು ಬಲಕ್ಕೆ ಚಿಮ್ಮುತ್ತದೆ. ಚೆಂಡನ್ನು ಮುಖದ ಹೊರತುದಿಯ ಎದುರಿಗೆ ಇಟ್ಟು ನಿಲ್ಲಿ, ಕೈಯನ್ನು ಸೊಂಟದ ಮಟ್ಟಕ್ಕಿಂತ ಮೇಲೆತ್ತಬೇಡಿ. ಹಾಗೆ ಆಡಿದರೆ ಹತ್ತರಲ್ಲಿ ಎಂಟು ನೆಟ್ಟಗೆ ಹೋಗುತ್ತವೆ, ಉಳಿದೆರಡನ್ನು ಹುಡುಕಿಕೊಳ್ಳಬೇಕು. ಬಡಿದು ಮಾಡಿದ ತಲೆ, ಎರಕದ ತಲೆ ಎರಡೂ ಸಿಗುತ್ತವೆ. ಆಟಕ್ಕೆ ವ್ಯತ್ಯಾಸವಿಲ್ಲ, ನೋಟಕ್ಕೆ ಇದೆ. ಮೆದು ಉಕ್ಕಿನದಾದರೆ ತುಕ್ಕು ಹಿಡಿಯುತ್ತದೆ, ಆಡಿದ ಮೇಲೆ ಎಣ್ಣೆಬಟ್ಟೆಯಿಂದ ಒರೆಸಬೇಕು.

ಜೊತೆಗೆ ಬರುವ ಕ್ಲೀಕ್ ಉದ್ದ ತೆಳು ಮುಖದ ಕಬ್ಬಿಣದ ಕ್ಲಬ್. ಗಾಳಿಗೆ ಎದುರಾಗಿ ತಗ್ಗಿನಲ್ಲಿ ಓಡಿಸಲು ಚೆನ್ನ. ಆದರೆ ಅದನ್ನು ಸರಿಯಾಗಿ ಹೊಡೆಯುವಷ್ಟು ಕೈ ಪಳಗಿದವರಿಗೆ ಅದರ ಅಗತ್ಯ ಕಡಿಮೆ, ಅಗತ್ಯ ಇರುವವರಿಗೆ ಅದು ಒಲಿಯುವುದಿಲ್ಲ. ಮೊದಲ ಖರೀದಿಯಲ್ಲಿ ಬಿಟ್ಟುಬಿಡಬಹುದು.

ಸ್ಪೂನ್‌ಗಳು

ಮುಖವನ್ನು ಹಿಂದಕ್ಕೆ ಬಾಗಿಸಿ ಮಾಡಿದ ಮರದ ಕ್ಲಬ್‌ಗಳಿಗೆ ಆ ಕಾಲದಲ್ಲಿ ಸ್ಪೂನ್ ಎಂದೇ ಹೆಸರು. ಉದ್ದ, ಮಧ್ಯಮ, ಗಿಡ್ಡ, ಅದಕ್ಕೂ ಹೆಚ್ಚು ಬಾಗಿದ ಬ್ಯಾಫಿ, ಹೀಗೆ ನಾಲ್ಕು. ನಾಲ್ಕೂ ಇರುವ ಸೆಟ್ ಕೊಳ್ಳುವುದು ವ್ಯರ್ಥ. ಗಿಡ್ಡ ಸ್ಪೂನ್ ಒಂದು ಚೆನ್ನಾಗಿದ್ದರೆ ನೂರರಿಂದ ನೂರೈವತ್ತು ಗಜದ ಕೆಲಸವೆಲ್ಲ ಅದರದ್ದೇ. ಉದ್ದ ಸ್ಪೂನ್ ಇದ್ದರೆ ಟೀಯಿಂದಲೂ ಅದರಲ್ಲೇ ಹೊಡೆಯಬಹುದು, ಆ ಕಾಲದ ಡ್ರೈವರ್ ಆದ ಪ್ಲೇ ಕ್ಲಬ್ಬಿಗಿಂತ ನಂಬಬಹುದು.

ಇವುಗಳ ಅಡಿಯ ಮುಂದಿನ ಅಂಚಿನಲ್ಲಿ ಟಗರಿನ ಕೊಂಬಿನ ಒಂದು ಪಟ್ಟಿಯನ್ನು ಮರದ ಮೊಳೆ ಹೊಡೆದು ಕೂರಿಸಿರುತ್ತಾರೆ. ನೆಲ ಉಜ್ಜಿದಾಗ ಮರದ ಅಂಚು ಸಿಬಿರೇಳದಿರಲಿ ಎಂದು ಆ ಏರ್ಪಾಡು. ಕೊಂಬಿನ ಬದಲು ಪ್ಲಾಸ್ಟಿಕ್ ಹಾಕಿದ ನಕಲುಗಳಿವೆ. ಆಟಕ್ಕೆ ಏನೂ ಕೊರತೆ ಇಲ್ಲ, ಬೆಲೆ ಮಾತ್ರ ಕೊಂಬಿನದ್ದಾಗಿರಬಾರದು. ಬೆರಳಿನ ಉಗುರಿನಿಂದ ಪಟ್ಟಿಯ ತುದಿಯನ್ನು ಎತ್ತಿ ನೋಡಿ. ಸ್ವಲ್ಪ ಅಲುಗಿದರೂ ಮೊದಲ ಒದ್ದೆ ಹುಲ್ಲಿಗೇ ಕಿತ್ತು ಬರುತ್ತದೆ.

ಪ್ಲೇ ಕ್ಲಬ್, ಎಲ್ಲರೂ ಮರುಳಾಗುವುದು

ಇದು ಆ ಕಾಲದ ಡ್ರೈವರ್. ತಲೆ ಸುಮಾರು ಐದು ಇಂಚು ಉದ್ದ, ಮುಖದ ಎತ್ತರ ಒಂದು ಇಂಚಿನ ಆಸುಪಾಸು, ಹಿಂಬದಿಯಲ್ಲಿ ಸೀಸ ಕರಗಿಸಿ ಸುರಿದ ಕುಳಿ. ಶಾಫ್ಟ್ ತಲೆಯೊಳಗೆ ಹೋಗುವುದಿಲ್ಲ. ಎರಡನ್ನೂ ಓರೆಯಾಗಿ ಸೀಳಿ, ಮುಖಾಮುಖಿ ಅಂಟಿಸಿ, ಮೇಲೆ ಟಾರು ಬಳಿದ ಹುರಿ ಬಿಗಿದಿರುತ್ತಾರೆ. ನೋಡಲು ಚೆಲುವು ಎಂಬುದರಲ್ಲಿ ಎರಡು ಮಾತಿಲ್ಲ. ಸೆಟ್ಟಿನ ಚಿತ್ರದಲ್ಲಿ ಯಾವಾಗಲೂ ಮುಂದಿರುವುದು ಇದೇ. ಬೆಲೆಯಲ್ಲಿಯೂ ಮುಂದೆ.

ಮುರಿಯುವುದು ಎಲ್ಲಿ ಎಂದರೆ ಕುತ್ತಿಗೆಯಲ್ಲಿ. ಕಾರಣ ಮರದ ಎಳೆ. ತಲೆ ಒಂದು ದಿಕ್ಕಿಗೆ, ಕುತ್ತಿಗೆ ಇನ್ನೊಂದು ದಿಕ್ಕಿಗೆ ತಿರುಗಿದ ಆಕಾರವನ್ನು ನೇರ ಎಳೆಯ ಬೀಚ್ ಮರದ ಹಲಗೆಯಿಂದ ಕೊರೆದರೆ ತಿರುವಿನಲ್ಲಿ ಎಳೆ ತುಂಡಾಗಿ ಗಿಡ್ಡವಾಗಿ ಉಳಿಯುತ್ತದೆ. ಅಲ್ಲಿ ಮರಕ್ಕೆ ಶಕ್ತಿಯೇ ಇಲ್ಲ. ಎಳೆಯೇ ತಿರುವಿನ ಜೊತೆ ಬಾಗಿ ಬಂದಿರುವ ತುಂಡನ್ನು ಆರಿಸಿ ಮಾಡಿದ್ದರೆ ಕ್ಲಬ್ ಬಾಳುತ್ತದೆ. ಬೆಳಕಿಗೆ ಹಿಡಿದು ಕುತ್ತಿಗೆಯ ಪಕ್ಕದ ಎಳೆಯನ್ನು ಕಣ್ಣಿಂದ ಹಿಂಬಾಲಿಸಿ. ಅದು ಅರ್ಧ ದಾರಿಯಲ್ಲೇ ಅಂಚಿಗೆ ಬಂದು ಕೊನೆಯಾದರೆ ಬೇಡ. ದಟ್ಟ ಬಣ್ಣ ಬಳಿದು ಎಳೆ ಕಾಣದಂತೆ ಮಾಡಿದ ಕ್ಲಬ್ಬೂ ಬೇಡ, ಮುಚ್ಚಿದ್ದಕ್ಕೆ ಕಾರಣ ಇದ್ದೇ ಇರುತ್ತದೆ.

ಹಿಂದಿನ ಕಾಲದಲ್ಲೂ ಇದೇ ಗೋಳು. ಗರಿ ತುಂಬಿದ ಚರ್ಮದ ಚೆಂಡಿಗೆ ಹೊಂದುವಂತೆ ರೂಪುಗೊಂಡ ನಾಜೂಕು ತಲೆಗೆ ಗಟ್ಟಾದ ಗಟ್ಟಿ ಪೆಟ್ಟು ತಡೆಯಲಾಗಲಿಲ್ಲ. ಮುಖಕ್ಕೆ ಚರ್ಮದ ತುಂಡು ಕೂರಿಸಿದರು, ತಲೆಯನ್ನು ಕ್ರಮೇಣ ಗಿಡ್ಡ ಮಾಡಿದರು, 1880ರ ದಶಕದಲ್ಲಿ ಉಬ್ಬು ಮುಖದ ಗಿಡ್ಡ ತಲೆ ಬಂದ ಮೇಲೆ ಉದ್ದ ಮೂತಿ ಮೂಲೆ ಸೇರಿತು. ಮುಖದಲ್ಲಿ ಚರ್ಮ ಕೂರಿಸಿದ ನಕಲು ಸಿಕ್ಕರೆ ಸಂಕೋಚವಿಲ್ಲದೆ ಕೊಳ್ಳಿ. ಅದು ತೇಪೆ ಎನ್ನುವವರ ಮಾತು ಕೇಳಬೇಡಿ.

ಹೊಡೆಯುವ ರೀತಿಯಲ್ಲೂ ಎಚ್ಚರ ಬೇಕು. ಮುಖದ ಎತ್ತರ ಒಂದು ಇಂಚು, ಚೆಂಡಿನ ಎತ್ತರ ಅದಕ್ಕಿಂತ ಹೆಚ್ಚು. ಟೀ ಎತ್ತರವಾದರೆ ತಲೆ ಚೆಂಡಿನ ಅಡಿಯಿಂದ ನುಸುಳಿ, ಮೇಲಂಚು ತಾಗಿ ಮರಕ್ಕೆ ಹಲ್ಲಿನ ಗುರುತು ಬೀಳುತ್ತದೆ. ಮರಳಿನ ದಿಬ್ಬ ಕಾಲು ಇಂಚು ಮೀರದಿರಲಿ. ಮರಳು ಹದವಾಗಿ ಒದ್ದೆಯಿರಬೇಕು. ಒಣಗಿದ್ದರೆ ಕುಸಿಯುತ್ತದೆ, ನೀರು ಸುರಿಯುತ್ತಿದ್ದರೆ ಚೆಂಡಿಗೆ ಮೆತ್ತಿಕೊಳ್ಳುತ್ತದೆ. ಚಿಟಿಕೆಯಷ್ಟು ತೆಗೆದು ಮೂರು ಬೆರಳಲ್ಲಿ ಒತ್ತಿ ಇಟ್ಟರೆ ಆಯಿತು. ಶಾಫ್ಟ್ ಬಳುಕುವುದರಿಂದ ಮೇಲಿನಿಂದ ರಭಸವಾಗಿ ಎಳೆದರೆ ತಲೆ ಹಿಂದೆ ಉಳಿದು ಚೆಂಡು ಬಲಕ್ಕೆ ಹೋಗುತ್ತದೆ. ಹಿಡಿ ದಪ್ಪವಾದ್ದರಿಂದ ಬೆರಳಲ್ಲಿ ಹಿಡಿಯಲಾಗದು, ಅಂಗೈಯಲ್ಲಿ ಹಿಡಿದು ಮೈಸುತ್ತ ಚಪ್ಪಟೆಯಾಗಿ ಬೀಸಬೇಕು. ನೆಲದ ಕಡೆಗೆ ಇಳಿಸಿ ಹೊಡೆಯುವವರು ಈ ಕ್ಲಬ್ ಮುಟ್ಟದಿರುವುದೇ ಲೇಸು.

ಸರಿಯಾಗಿ ಬಿದ್ದ ಹೊಡೆತ 180 ಗಜದ ಸುತ್ತಮುತ್ತ ಹೋಗುತ್ತದೆ. ಪ್ರೆಸ್ಟ್‌ವಿಕ್‌ನ ಅಂದಿನ ಮೊದಲ ಹೋಲ್ 578 ಗಜ. 1870ರಲ್ಲಿ ಮಗ ಟಾಮ್ ಅದನ್ನು ಮೂರೇ ಹೊಡೆತಕ್ಕೆ ಮುಗಿಸಿದ. ಅಂದರೆ ಮೂರು ಹೊಡೆತಗಳ ಸರಾಸರಿ 190 ಗಜ ದಾಟುತ್ತದೆ, ಮೂರನೆಯದು ದೂರದಿಂದಲೇ ಕುಳಿಗೆ ಬಿದ್ದಿರಬೇಕು. ಈ ಕ್ಲಬ್ಬನ್ನು ಒಂದು ಸಲ ಕೈಯಲ್ಲಿ ಹಿಡಿದವರಿಗೆ ಆ ಸಂಖ್ಯೆ ಬೇರೆಯೇ ಆಗಿ ಕಾಣುತ್ತದೆ.

ಪಟರ್

ಗ್ರೀನಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಮರದ ಪಟರ್ ಬಗ್ಗೆ ದೂರಿಲ್ಲ. ಉದ್ದ ಮೂತಿಯ ತಲೆಯಲ್ಲಿ ಸೀಸ ಹಿಂದಕ್ಕಿರುವುದರಿಂದ ತೂಗಿ ಬರುತ್ತದೆ, ಮುಖ ತುಸು ಬಾಗಿರುವುದರಿಂದ ಗ್ರೀನಿನ ಹೊರಗಿನಿಂದಲೂ ಚೆಂಡನ್ನು ಎತ್ತಿ ಓಡಿಸುತ್ತದೆ. ಕುರಿಗಳು ಮೇಯ್ದು ಗಿಡ್ಡವಾಗಿಸಿದ ಹುಲ್ಲಿಗೆ ಆ ಬಾಗು ಬೇಕಿತ್ತು. ಯಂತ್ರದಿಂದ ಬೋಳಿಸಿದ ಇಂದಿನ ಗ್ರೀನಿನಲ್ಲಿ ಚೆಂಡು ಮೊದಲು ಪುಟಿದು ಆಮೇಲೆ ಉರುಳುತ್ತದೆ. ಕೈಯನ್ನು ಸ್ವಲ್ಪ ಮುಂದಿಟ್ಟರೆ ಸರಿಹೋಗುತ್ತದೆ.

ಕೊಳ್ಳುವ ಮುನ್ನ, ಕೊಂಡ ಮೇಲೆ

ಶಾಫ್ಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ. ಸಣ್ಣ ಬಾಗು ಇದ್ದರೆ ಚಿಂತೆಯಿಲ್ಲ, ಹಬೆ ಕಾಣಿಸಿ ನೆಟ್ಟಗೆ ಮಾಡಬಹುದು. ಎಳೆ ಪಕ್ಕಕ್ಕೆ ಹರಿದು ಹೊರಬಂದಿದ್ದರೆ ಮಾತ್ರ ಆ ಜಾಗದಲ್ಲೇ ಒಂದು ದಿನ ಸೀಳುತ್ತದೆ. ಜೋಡಣೆಯ ಮೇಲಿನ ಹುರಿಯನ್ನು ಹೆಬ್ಬೆರಳಿಂದ ತಳ್ಳಿ, ಸುತ್ತು ಜರುಗಬಾರದು. ಅಂಟು ಯಾವುದೆಂದು ಕೇಳಿ. ಕೆಲವರು ನಿಷ್ಠೆಯಿಂದ ಹಳೆಯ ಸರೇಸೇ (ಪ್ರಾಣಿಗಳ ತೊಗಲಿನಿಂದ ಮಾಡುವ ಅಂಟು) ಹಾಕುತ್ತಾರೆ. ಮೆಚ್ಚುವಂಥದ್ದೇ, ಆದರೆ ಸರೇಸು ಬಿಸಿ ಮತ್ತು ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಸಾಕು. ಆಡುವ ಕ್ಲಬ್ಬಿಗೆ ಎಪಾಕ್ಸಿಯೇ ಇರಲಿ, ಹುರಿಯ ಕೆಳಗೆ ಅದು ಯಾರಿಗೂ ಕಾಣುವುದಿಲ್ಲ.

ಆಡಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಶಾಖದಿಂದ ದೂರ, ತಲೆ ಮೇಲಾಗಿ ನಿಲ್ಲಿಸದೆ ಅಡ್ಡಲಾಗಿ ಮಲಗಿಸಿಡಿ. ಮೂಲೆಗೆ ಒರಗಿಸಿಟ್ಟ ಶಾಫ್ಟ್ ಒಂದು ಋತುವಿನಲ್ಲಿ ಬಾಗುತ್ತದೆ. ಮರದ ಭಾಗಕ್ಕೆ ಆಗಾಗ ಅಗಸೆ ಎಣ್ಣೆಯನ್ನು ತೆಳುವಾಗಿ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆ ಗಾಳಿ ಹೀರಿ ಒಣಗುವಾಗ ಕಾವು ಏರಿ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ ಅಥವಾ ನೀರಲ್ಲಿ ಮುಳುಗಿಸಿಡಿ. ಹಿಡಿಯ ಕುರಿಚರ್ಮ ಒಣಗಿ ಜಾರತೊಡಗಿದರೆ ಎರಡು ಹನಿ ಹರಳೆಣ್ಣೆ ತಿಕ್ಕಿದರೆ ಅಂಟು ಬರುತ್ತದೆ.

ಹಳೆಯ ಅಸಲಿ ಕ್ಲಬ್ ಸಿಕ್ಕಿದರೆ ಅದರಲ್ಲಿ ಆಡುವ ಯೋಚನೆಯನ್ನೇ ಬಿಡಿ. ನೂರೈವತ್ತು ವರ್ಷದ ಬೀಚ್ ಮರಕ್ಕೆ ಒಂದು ಪೆಟ್ಟು ಸಾಕು, ಆಮೇಲೆ ಅದು ಆಟಕ್ಕೂ ಇಲ್ಲ, ಸಂಗ್ರಹಕ್ಕೂ ಇಲ್ಲ.

ದಿನದ ಏರ್ಪಾಡು

ಪ್ರೆಸ್ಟ್‌ವಿಕ್‌ನ 12 ಹೋಲ್‌ಗಳ ಒಟ್ಟು ಉದ್ದ 3,799 ಗಜ. ಮೂರು ಸುತ್ತಿಗೆ 11,397. ಇಂದಿನ ಅಂಕಣದಲ್ಲಿ ಹಿಂದಿನ ಟೀಗಳಿಂದ (ಹೋಲ್ ಶುರುವಾಗುವ ಜಾಗಗಳಿಂದ) ಆಡಲು ಹೋದರೆ ಆಟ ಕೆಡುತ್ತದೆ. ಮುಂದಿನ ಟೀಗಳಿಂದ 3,800 ಗಜದ ಆಸುಪಾಸು ಬರುವಂತೆ 12 ಹೋಲ್ ಆರಿಸಿಕೊಳ್ಳಿ. ಅದರಲ್ಲಿ 500 ಗಜ ಮೀರಿದ್ದು ಒಂದು, 200ರ ಒಳಗಿನವು ಎರಡು ಮೂರು ಇದ್ದರೆ ಚೆನ್ನ. ಗ್ರೀನಿನ ಮುಂದೆ ನೀರಿರುವ ಹೋಲ್‌ಗಳನ್ನು ಬಿಡಿ. ಈ ಚೆಂಡು ಮೇಲಿಂದ ಬಿದ್ದು ನಿಲ್ಲುವುದಿಲ್ಲ, ಓಡಿಕೊಂಡೇ ಬರಬೇಕು. ಪ್ರತಿ ಹೋಲಿಗೆ ನಾಲ್ಕು ಎಂದಿಟ್ಟುಕೊಂಡರೆ ಸುತ್ತಿಗೆ 48. 1870ರ ಮೊದಲ ಸುತ್ತಿನ 47 ಅದಕ್ಕಿಂತ ಒಂದು ಕಡಿಮೆ. ನಿಮ್ಮ ಗುಂಪಿಗೆ ಆರರ ಲೆಕ್ಕ, ಅಂದರೆ 72, ನ್ಯಾಯವಾದ ಗುರಿ.

ಇಬ್ಬರು ಇಬ್ಬರಾಗಿ ಕಳಿಸಿ, ಪ್ರತಿ ಜೋಡಿಗೂ ಆಡದ ಒಬ್ಬರನ್ನು ಸ್ಕೋರ್ ಬರೆಯಲು ಜೊತೆ ಮಾಡಿ. 1860ರಲ್ಲಿ ನಡೆದದ್ದೂ ಹಾಗೆಯೇ. ಚೀಲ ಬೇಡ, ಆರು ಕ್ಲಬ್‌ಗಳನ್ನು ಕಂಕುಳಲ್ಲಿ ಹಿಡಿದುಕೊಂಡು ಹೋಗಬಹುದು. ನಿಜವಾದ ಗಟ್ಟಾ ಬಳಸುವವರಿದ್ದರೆ ಆ ಕಾಲದ ಒಡೆದ ಚೆಂಡಿನ ನಿಯಮವನ್ನು ಕಾರ್ಡಿನ ಮೇಲೆ ಮೊದಲೇ ಬರೆದುಬಿಡಿ: ಅತಿ ದೊಡ್ಡ ಚೂರು ಎಲ್ಲಿ ಬಿದ್ದಿದೆಯೋ ಅಲ್ಲಿಯೇ ಹೊಸ ಚೆಂಡು ಬಿಟ್ಟು ಆಟ ಮುಂದುವರಿಸಬೇಕು. ಬರೆಯದಿದ್ದರೆ ಹೊಡೆದ ಜಾಗಕ್ಕೆ ಹಿಂದಿರುಗಿ ಮತ್ತೆ ಆಡಬೇಕೆನ್ನುವವರಿಗೂ ಚೂರು ಹುಡುಕಲು ಹೊರಟವರಿಗೂ ನಡುವೆ ಹಿಂದಿನ ಜೋಡಿ ಕಾಯುತ್ತ ನಿಲ್ಲಬೇಕಾಗುತ್ತದೆ.